ಷರಾ

ಹಾಸನದ ಡಿ.ಎ.ಆರ್. ಮೈದಾನದ ಮೂಲೆಯಲ್ಲಿ
ಹೆಂಚಿನ ಒಂದು ಕೋಣೆ, ಎರಡು ಬೀಗ. ಅದೇ ಕೋತು.
ಹತ್ತೊಂಬತ್ತು ವರ್ಷ ಅದರ ಕೀಲಿ ನನ್ನ ಸೊಂಟದಲ್ಲಿತ್ತು.
ಕೊಟ್ಟದ್ದು, ಬಂದದ್ದು, ಖರ್ಚಾದದ್ದು, ಖಾಲಿ ಕೋಶ, ಷರಾ:
ಐದು ಕಾಲಂ. ನನಗೆ ಗೊತ್ತಿದ್ದ ಲೋಕ ಅಷ್ಟಗಲ.

ಬಿತ್ತನೆ ಆಲೂಗಡ್ಡೆಯ ಕಾಲ. ಎಪಿಎಂಸಿ ಯಾರ್ಡಿನಲ್ಲಿ
ಜಲಂಧರದ ಚೀಲ ಬಿಚ್ಚಿದರೆ ಒಳಗೆಲ್ಲ ಕೊಳೆತ ನಾತ.
ಮೊದಲು ಕೂಗು, ಆಮೇಲೆ ಆಲೂಗಡ್ಡೆಯ ತೂರಾಟ,
ಆಮೇಲೆ ಕಲ್ಲು. ಕಲ್ಲು ಬಿದ್ದದ್ದು ಸುಳ್ಳಲ್ಲ.
ನಮ್ಮ ನಿಂಗಾಚಾರಿಯ ಎರಡು ಹಲ್ಲು ಹೋದವು,
ಅದನ್ನೂ ಹೇಳಬೇಕು.

ಮರುದಿನದ ಪೇಪರಿನಲ್ಲಿ:
‘ಗಾಳಿಯಲ್ಲಿ ಗುಂಡು, ಪರಿಸ್ಥಿತಿ ಹತೋಟಿಗೆ.’
ಎಷ್ಟು ಹಗುರ ಮಾತು, ಗಾಳಿಯಲ್ಲಿ ಗುಂಡು!
ಹುಡುಗರು ಪಟ ಬಿಟ್ಟ ಹಾಗೆ,
ರಾಗಿ ತೂರುವಾಗ ಹೊಟ್ಟು ಹಾರಿದ ಹಾಗೆ.
ಗಾಳಿಯಲ್ಲಿ ಯಾರಿದ್ದಾರೆ ಎಂದು ಕೇಳುವ ರೂಢಿ ಇಲ್ಲ.

ಗಾಳಿಯಲ್ಲಿ ಹೊಂಬಾಳಮ್ಮ ಇದ್ದಳು.
ಗೊಬ್ಬರದ ಅಂಗಡಿಯ ಮೇಲಿನ ಎರಡನೇ ತಾರಸಿ,
ಚೀಲಕ್ಕೆ ನಾಲ್ಕಾಣೆಯಂತೆ ಹರಿದ ಗೋಣಿಗೆ ತೇಪೆ.
‘ಹೆಂಗಸರು, ಮಕ್ಕಳು ಮೇಲಕ್ಕೆ ಹೋಗಿ’ ಅಂತ
ಮೈಕಿನಲ್ಲಿ ಕೂಗಿದ್ದು ನಾವೇ.
ಅವಳು ಹೋದಳು, ಗೋಣಿಯನ್ನೂ ಎಳೆದುಕೊಂಡು.
ದಬ್ಬಳ ಗೋಣಿಯಲ್ಲೇ ನಿಂತಿತ್ತು, ಹುರಿ ಅರ್ಧ ಎಳೆದು.

ಸಂಜೆ ಕೋತಿನಲ್ಲಿ ಲೆಕ್ಕ.
ಕೊಟ್ಟದ್ದು ಮೂವತ್ತು, ಬಂದದ್ದು ಇಪ್ಪತ್ತೇಳು,
ಖರ್ಚು ಮೂರು. ಖಾಲಿ ಕೋಶ ಎರಡೇ ಎರಡು.
ಒಂದು ಇಲ್ಲ.
ಆ ರಾತ್ರಿ ಇಲಾಖೆ ಕಣ್ಣು ಮುಚ್ಚಲಿಲ್ಲ ನೋಡಿ.
ಹದಿನಾರು ಜನ, ಟಾರ್ಚು, ಲಾಟೀನು, ಮರಳು ಜರಡಿ;
ಚರಂಡಿಯ ರಾಡಿ ಎತ್ತಿ ಎತ್ತಿ ಸೋಸಿದೆವು.
ಬೆರಳುದ್ದದ ಹಿತ್ತಾಳೆ ಚೂರಿಗಾಗಿ
ಸಾಹೇಬರು ಮೂರು ಸಲ ಫೋನ್ ಮಾಡಿದರು.
ಆಸ್ಪತ್ರೆಗೆ ಒಂದು ಸಲ.
ಅದೂ ಹೆಸರಿನ ಕಾಗುಣಿತ ಕೇಳುವುದಕ್ಕೆ.

ಪಾಲಾಕ್ಷ ಬಂದು ನನ್ನೆದುರು ಕೂತ.
ಇಪ್ಪತ್ತಮೂರರ ಹುಡುಗ, ಹಣೆಗಣ್ಣು ಹೆಸರಿನಲ್ಲಿ ಮಾತ್ರ.
‘ಮೇಲಕ್ಕೇ ಹೊಡ್ದೆ ಕಣಣ್ಣ.
ಯಾರ್ಗೂ ತಾಗ್ದಿರ್ಲಿ ಅಂತ್ಲೇ ಮೇಲಕ್ಕೆ ಹೊಡ್ದೆ.’
ನಾನು ಬೋಲ್ಟು ಒರೆಸುತ್ತಿದ್ದೆ. ಎಣ್ಣೆ, ಬಟ್ಟೆ, ಮತ್ತೆ ಎಣ್ಣೆ.
ಅವನ ಮನಸ್ಸಿನಲ್ಲಿ ಕೊಲೆ ಇರಲಿಲ್ಲ. ಆಗ ಒಪ್ಪಿದೆ,
ಈಗಲೂ ಒಪ್ಪುತ್ತೇನೆ.
ಆದರೆ ನಳಿಗೆಗೆ ಮನಸ್ಸೆಲ್ಲಿಯದು, ಅದಕ್ಕಿರುವುದು ದಿಕ್ಕು;
ಆ ದಿಕ್ಕಿನ ತುದಿಯಲ್ಲಿ ಏನಿದೆ ಎಂದು
ಒಂದು ಉಸಿರಿನಷ್ಟು ಹೊತ್ತು ನೋಡುವ ಕೆಲಸ
ನಮ್ಮದಾಗಿತ್ತು.
ಇದನ್ನು ಅವನಿಗೆ ಹೇಳಲಿಲ್ಲ. ಟೀ ತರಿಸಿದೆ.
ಅವನು ಕುಡಿಯುವಾಗಲೂ ತಲೆ ಎತ್ತಲಿಲ್ಲ.

ಎಂಟನೇ ದಿನ ಗೇಟಿನ ಹತ್ತಿರ ಒಂದು ಹುಡುಗಿ
ಕೆಳತುಟಿಗೆ ಏನನ್ನೋ ಒತ್ತಿ ಊದುತ್ತಾ ನಿಂತಿದ್ದಳು.
ತೆಳ್ಳಗೆ, ಒಂದೇ ಎಳೆಯ ಸಿಳ್ಳು.
ಯಾರ ಮಗಳು ಎಂದು ಕೇಳುವ ಮೊದಲೇ
ಇಸಿದುಕೊಂಡು ತಳದ ನಂಬರು ಓದಿದೆ, ಅಭ್ಯಾಸಬಲ.
‘ಇದು ಸರ್ಕಾರದ್ದಂತೆ, ಕೊಟ್ಬುಟ್ ಬಾ ಅಂದ ಮಾವ.’
ತಿರುಗಿ ಹೊರಟವಳು ನಿಂತಳು:
‘ಅವ್ವನ ದಬ್ಬಳ ನಿಮ್ ತಾವ ಐತಂತೆ.
ಅದು ನಮ್ದು.’

ದಬ್ಬಳ ಠಾಣೆಯಲ್ಲಿತ್ತು,
ಚೀಟಿ ಅಂಟಿಸಿ ಅರಗಿನ ಮೊಹರು ಒತ್ತಿ.
ಕೊಡಕ್ಕೆ ಬರಲ್ಲ ಮಗಾ, ಅಂದೆ. ರೂಲು ಹಾಗೇ ಇದೆ.
ಒಳಗೆ ಹೋಗಿ ಬರೆದೆ: ಖಾಲಿ ಕೋಶ ಮೂರು. ಜಮಾ.
ಐದನೇ ಕಾಲಮ್ಮಿನ ಮುಂದೆ ಪೆನ್ನು ನಿಂತಿತು.
ಹೊಂಬಾಳಮ್ಮ ಎಂಬ ಐದಕ್ಷರ ಅಲ್ಲಿ ಹಿಡಿಯುತ್ತಿತ್ತು,
ಅಷ್ಟು ಜಾಗ ಇತ್ತು,
ಬೆರಳಿಟ್ಟು ಅಳೆದು ನೋಡಿದವನು ನಾನೇ.

‘ಲೆಕ್ಕ ಸರಿ ಇದೆ’ ಎಂದು ಬರೆದು ಸಹಿ ಮಾಡಿದೆ.

ಬೇಕಾದರೆ ತೆಗೆಸಿ ನೋಡಿ, ಪುಟ ನೂರ ಹನ್ನೆರಡು.
ಅಕ್ಷರ ದುಂಡಗಿದೆ.